ಬೆರಳಿಗೆ ಹೊಕ್ಕ ಡೀಸೆಲ್

ನನ್ನ ಎಡಗೈ ತೋರುಬೆರಳಿಗೆ ಆದದ್ದು ಸೂಜಿಮೊನೆಯಷ್ಟು ತೂತು. ರಕ್ತ ಕೂಡ ಬರಲಿಲ್ಲ. ಆ ತೂತಿನಿಂದ ಒಳಹೋದ ಡೀಸೆಲ್ ತೆಗೆಯೋಕೆ ಮೈಸೂರಿನ ಡಾಕ್ಟರು ಬೆರಳ ತುದಿಯಿಂದ ಅಂಗೈ ನಡುವಿನವರೆಗೆ ಕೊಯ್ಯಬೇಕಾಯಿತು. ಇದು ನಡೆದದ್ದು 2022ರ ಕಬ್ಬಿನ ಹಂಗಾಮಿನಲ್ಲಿ. ಟ್ರ್ಯಾಕ್ಟರ್ ಇಟ್ಟುಕೊಂಡವರು, ನಾಜಲ್ ಬಿಚ್ಚುವ ಹುಡುಗರು, ಅವರ ಮನೆಯವರು ತಿಳಿದುಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ನಮ್ಮೂರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು. ಸ್ವಂತ ಕಬ್ಬು ಕಮ್ಮಿ, ಬೇರೆಯವರ ಲೋಡು ಹೊಡೆಯೋದೇ ಹೆಚ್ಚು. ಮಳವಳ್ಳಿ ಕಡೆಯ ಕಬ್ಬು ಮದ್ದೂರು ರಸ್ತೆ ಹಿಡಿದು ಕೆ.ಎಂ. ದೊಡ್ಡಿಯ ಸಕ್ಕರೆ ಫ್ಯಾಕ್ಟರಿಗೆ ಹೋಗುತ್ತೆ. ಮಂಡ್ಯದ ಮೈಷುಗರ್ ಫ್ಯಾಕ್ಟರಿ ಕೆಲವು ವರ್ಷ ಬಾಗಿಲು ಹಾಕಿದ್ದು, ಆ ವರ್ಷ ಮತ್ತೆ ಅರೆಯೋಕೆ ಶುರು ಮಾಡಿತ್ತು. ಹಾಗಾಗಿ ಟ್ರ್ಯಾಕ್ಟರುಗಳಿಗೆ ಬಿಡುವೇ ಇರಲಿಲ್ಲ. ಕಡಿದ ಕಬ್ಬು ಹೊಲದಲ್ಲಿ ಬಿದ್ದಷ್ಟು ಹೊತ್ತೂ ಒಣಗಿ ತೂಕ ಇಳಿಯುತ್ತೆ, ತೂಕ ಇಳಿದರೆ ರೈತ ನಮ್ಮನ್ನೇ ಬೈತಾನೆ. ಕಟಾವು ಗ್ಯಾಂಗಿನವರು ಕಡಿದು ಹಾಕಿ ಕೂತಿರುತ್ತಾರೆ. ಅಂಥ ಹೊತ್ತಲ್ಲಿ ಗಾಡಿ ಕೈ ಕೊಟ್ಟರೆ ಏನಾಗುತ್ತೆ ಅಂತ ಮಂಡ್ಯ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ನನ್ನದು ಮೂರು ಸಿಲಿಂಡರಿನ ಹಳೇ ಟ್ರ್ಯಾಕ್ಟರು. ಲೋಡು ಕಟ್ಟಿದರೆ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಕೊಳವೆಯಲ್ಲಿ ಕಪ್ಪು ಹೊಗೆ, ಡೀಸೆಲ್ ಮಾತ್ರ ನೀರು ಕುಡಿದ ಹಾಗೆ ಖಾಲಿ. ಫ್ಯಾಕ್ಟರಿ ಯಾರ್ಡಿನಲ್ಲಿ ಸಾಲುಗಟ್ಟಿ ನಿಂತ ಡ್ರೈವರುಗಳ ಬಾಯಲ್ಲಿ ಒಂದೇ ಮದ್ದು: "ಪಂಪ್ ಏರಿಸ್ಬುಡು ಕಣಣ್ಣ." ಅಂದರೆ ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪಿನ ಸೀಲು ಒಡೆದು, ಪ್ರತಿ ಹೊಡೆತಕ್ಕೆ ಹೆಚ್ಚು ಡೀಸೆಲ್ ಹೋಗುವಂತೆ ತಿರುಗಿಸೋದು. ಈ ಕಡೆ ಯಾವ ಪಂಪಾದರೂ ಮೈಕೋ ಪಂಪೇ. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು, ನಾವಂತೂ ಅದನ್ನು ಒಪ್ಪಿಕೊಂಡಿಲ್ಲ.

ಏರಿಸುವ ಮಾತಿಗೆ ನಾನು ಒಪ್ಪಲಿಲ್ಲ. ಕಪ್ಪು ಹೊಗೆ ಅಂದರೆ ಒಳಗೆ ಹೋದ ಡೀಸೆಲ್ಲಿಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಮಂಜಿನಂತೆ ಹರಡದೆ ದಪ್ಪ ಹನಿಯಾಗಿ ಬೀಳುತ್ತಿದೆ ಅಂತ. ಅದರ ಮೇಲೆ ಇನ್ನಷ್ಟು ಡೀಸೆಲ್ ಸುರಿದರೆ ಹೊಗೆಯೇ ಹೆಚ್ಚೋದು. ಮೊದಲು ಏರ್ ಕ್ಲೀನರ್ ತೊಳೆದೆ. ಡೀಸೆಲ್ ಫಿಲ್ಟರ್ ಎರಡನ್ನೂ ಬದಲಾಯಿಸಿ, ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲೋವರೆಗೂ ಕೈಪಂಪು ಒತ್ತಿ ಏರ್ ತೆಗೆದೆ. ಹಂಗಾಮಿನಲ್ಲಿ ಕ್ಯಾನಿನಲ್ಲಿ ತಂದ ಡೀಸೆಲ್ ಸುರಿಯುವುದರಿಂದ ನೀರು ಸೇರೋದು ಮಾಮೂಲು. ಫಿಲ್ಟರ್ ಬಟ್ಟಲಲ್ಲಿ ನೀರಿತ್ತು ಕೂಡ. ಬಗ್ಗಿಸಿ ಚೆಲ್ಲಿದೆ. ಹೊಗೆ ಕಮ್ಮಿ ಆಗಲಿಲ್ಲ. ಉಳಿದದ್ದು ಸಿಲಿಂಡರಿಗೆ ಡೀಸೆಲ್ ಉಗುಳುವ ನಾಜಲ್.

ಮದ್ದೂರಿನ ಒಂದು ಗ್ಯಾರೇಜಿಗೆ ಗಾಡಿ ಹೊಡೆದೆ. ಹೆಸರು ಬೇಡ, ಹುಡುಗ ಒಳ್ಳೆಯವನೇ. ನಾಜಲ್ ಟೆಸ್ಟರ್ ರಿಪೇರಿಗೆ ಹೋಗಿದೆ ಅಂದ. ಟೆಸ್ಟರ್ ಇದ್ದರೆ ಕೆಲಸ ಸುಲಭ. ಹಿಡಿಕೆ ಒತ್ತಿದಾಗ ಒತ್ತಡ ತೋರಿಸುವ ಗಡಿಯಾರದ ಮುಳ್ಳು ಏರುತ್ತೆ, ಸರಿಸುಮಾರು 200 ಬಾರ್ ಹತ್ತಿರ ನಾಜಲ್ ಬಾಯಿ ಬಿಟ್ಟು ಕಿರ್ರ್ ಅಂತ ಸದ್ದು ಮಾಡಿ ಮಂಜಿನ ಹಾಗೆ ಉಗುಳುತ್ತೆ. ಒತ್ತಡ ಇಳಿದ ಮೇಲೆ ತುದಿಯಲ್ಲಿ ಹನಿ ನಿಲ್ಲಬಾರದು. ಟೆಸ್ಟರ್ ಇಲ್ಲದಿದ್ದರೆ ಎಲ್ಲ ಕಡೆ ಮಾಡುವ ಉಪಾಯ ಒಂದಿದೆ: ನಾಜಲನ್ನು ಎಂಜಿನ್ನಿಂದ ಬಿಚ್ಚಿ, ಪೈಪಿಗೆ ಸಿಕ್ಕಿಸಿ ಹೊರಮುಖ ಮಾಡಿ, ಸೆಲ್ಫ್ ಹೊಡೆದು ಸ್ಪ್ರೇ ನೋಡೋದು. ಮುಂದೆ ರಟ್ಟು ಹಿಡಿದರೆ ಯಾವ ತೂತು ಹೇಗೆ ಉಗುಳುತ್ತೆ ಅಂತ ಗುರುತು ಬೀಳುತ್ತೆ.

"ಅಣ್ಣ, ಪೈಪ್ ಅಲ್ಲಾಡ್ತದೆ, ವಸಿ ಹಿಡ್ಕಳಿ" ಅಂದ. ಹಿಡಿದೆ. ನಾಜಲ್ ಬಾಯಿಯ ಕಡೆಗೆ ಕೈ ಹೋಗದಂತೆ ದೂರವೇ ಹಿಡಿದಿದ್ದೆ. ಆದರೆ ಆ ಉಕ್ಕಿನ ಪೈಪಿನ ಕ್ಲ್ಯಾಂಪು ಯಾವತ್ತೋ ಬಿದ್ದುಹೋಗಿತ್ತು. ಪೈಪು ಎಂಜಿನ್ ನಡುಕಕ್ಕೆ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಒಂದು ಕಡೆ ಕಾಗದದಷ್ಟು ತೆಳ್ಳಗಾಗಿತ್ತು. ಅವನು ಸೆಲ್ಫ್ ಹೊಡೆದ. ಪೈಪು ತೆಳ್ಳಗಾದ ಕಡೆ ಬಿರುಕು ಬಿಟ್ಟು, ಚೀರಿಕೊಂಡು ಬಂದ ಎಳೆ ನೇರ ಬೆರಳಿಗೆ ಹೊಡೆಯಿತು. ಕಣಜ ಕಚ್ಚಿದಂತಾಯಿತು ಅಷ್ಟೇ. ಕೈ ಕೊಡವಿದೆ. ಬೆರಳು ಜೋಮು ಹಿಡಿದು ತುದಿ ಬೆಳ್ಳಗಾಯಿತು. ಹುಡುಗ ಸಾಬೂನು ಕೊಟ್ಟ, ತೊಳೆದುಕೊಂಡೆ. ಪಕ್ಕದ ಹೋಟೆಲಿನಲ್ಲಿ ಅದೇ ಕೈಯಲ್ಲಿ ಲೋಟ ಹಿಡಿದು ಕಾಫಿಯನ್ನೂ ಕುಡಿದೆ.

ಈ ಗಾಯದ ಮೋಸ ಇರೋದೇ ಇಲ್ಲಿ. ಮೊದಲ ಕೆಲವು ಗಂಟೆ ಅದು ಗಾಯವೇ ಅಲ್ಲ ಅನ್ನಿಸುತ್ತೆ. ಸಂಜೆ ಬೆರಳು ಬಿಗಿಯತೊಡಗಿತು. ಹತ್ತಿರದ ಆಸ್ಪತ್ರೆಗೆ ಹೋದೆ. ನರ್ಸಮ್ಮ ತೂತು ನೋಡಿ, "ಏನೂ ಇಲ್ಲ ಯಜಮಾನ್ರೇ" ಅಂತ ಟಿಟಿ ಚುಚ್ಚಿ, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಡೀಸೆಲ್ ತಗುಲಿತು ಅಂತ ಹೇಳಿದ್ದೆ. ಒತ್ತಡದಲ್ಲಿ ಒಳಗೇ ಹೋಗಿದೆ ಅಂತ ನನಗೂ ಗೊತ್ತಿರಲಿಲ್ಲ, ಅವರೂ ಕೇಳಲಿಲ್ಲ.

ರಾತ್ರಿ ನಿದ್ದೆ ಇಲ್ಲ. ಎದೆ ಬಡಿದಷ್ಟು ಸಲವೂ ಬೆರಳು ಬಡಿಯುತ್ತಿತ್ತು. ಕೈ ಕೆಳಗಿಟ್ಟರೆ ಸಿಡಿಯುತ್ತೆ ಅಂತ ಗೋಡೆಗೆ ಒರಗಿಸಿ ಮೇಲೆತ್ತಿ ಕೂತೆ. ನಡುರಾತ್ರಿ ಹೊತ್ತಿಗೆ ಬೆರಳು ಏಲಕ್ಕಿ ಬಾಳೆಹಣ್ಣಿನಷ್ಟು ಊದಿ ನೀಲಿಗಟ್ಟಿತ್ತು. ಮಡಚೋಕೆ ಆಗದು, ಯಾರಾದರೂ ನೆಟ್ಟಗೆ ಮಾಡಿದರೆ ಪ್ರಾಣ ಹೋಗುತ್ತಿತ್ತು. ಹೆಂಡತಿ ಲೈಟು ಹಾಕಿ ನೋಡಿದವಳೇ, "ಬೆಳಗಾಗಗಂಟ ಕಾಯಾದು ಬ್ಯಾಡ, ಕಾರ್ ಕರೀರಿ" ಅಂದಳು. ಬನ್ನೂರು ಮೇಲೆ ಮೈಸೂರಿಗೆ ಹೋದೆವು. ದಾರಿಯುದ್ದ ರಸ್ತೆಯ ಒಂದೊಂದು ಹಂಪೂ ಬೆರಳಿಗೇ ಬಂದು ಬಡಿಯಿತು.

ಮೈಸೂರಿನಲ್ಲಿ ಕೈ ಆಪರೇಷನ್ ಮಾಡುವ ಡಾಕ್ಟರು ಗಾಯ ನೋಡುವ ಮೊದಲು ಕೇಳಿದ್ದು ಎರಡೇ ಪ್ರಶ್ನೆ. ಒಳಗೆ ಹೋದದ್ದು ಏನು? ಎಷ್ಟು ಗಂಟೆಗೆ? ಉತ್ತರ ಕೇಳಿ ಅವರ ಮುಖ ಗಂಟಿಕ್ಕಿತು. ಕೂಡಲೇ ಥಿಯೇಟರಿಗೆ ಒಯ್ದರು. ಕಂಕುಳ ಹತ್ತಿರ ಸೂಜಿ ಚುಚ್ಚಿ ಕೈ ಪೂರ್ತಿ ಮರಗಟ್ಟಿಸಿದರು, ನನಗೆ ಎಚ್ಚರ ಇತ್ತು. ಚರ್ಮ ಬಿಡಿಸುತ್ತಿದ್ದಂತೆ ಕೋಣೆಯಲ್ಲಿ ಡೀಸೆಲ್ ವಾಸನೆ ಎದ್ದಿತು. ಆಸ್ಪತ್ರೆಯ ಔಷಧಿ ಘಾಟಿನ ನಡುವೆ ಪಂಪ್ ಶೆಡ್ಡಿನ ವಾಸನೆ, ಅದೂ ನನ್ನ ಮೈಯಿಂದ. ಇವತ್ತಿಗೂ ಬಂಕಿನಲ್ಲಿ ನಿಂತರೆ ಹೊಟ್ಟೆ ತೊಳೆಸುತ್ತೆ.

ಆಮೇಲೆ ಡಾಕ್ಟರು ಸಾವಧಾನವಾಗಿ ವಿವರಿಸಿದರು. ಕಾರಿನ ಟೈರಿನಲ್ಲಿರೋದು ಸುಮಾರು 2 ಬಾರ್ ಒತ್ತಡ. 7 ಬಾರ್ ಆದರೆ ಸಾಕು, ದ್ರವ ಚರ್ಮ ತೂರಿ ಹೋಗಬಲ್ಲದು. ನನ್ನ ಕೈಯಲ್ಲಿದ್ದ ಪೈಪಿನಲ್ಲಿ ಅದರ ಎಷ್ಟೋ ಪಟ್ಟು ಇತ್ತು. ಒಳಹೊಕ್ಕ ಡೀಸೆಲ್ ಸ್ನಾಯುರಜ್ಜು, ನರ, ರಕ್ತನಾಳಗಳ ಹಾದಿ ಹಿಡಿದು ಅಂಗೈವರೆಗೆ ಹರಡುತ್ತೆ. ಊತ ರಕ್ತನಾಳ ಅದುಮುತ್ತೆ, ಡೀಸೆಲ್ ತಾನೇ ಮಾಂಸ ಸುಡುತ್ತೆ, ಆಮೇಲೆ ಕೀವು. ಮೊದಲ ಆರು ಗಂಟೆಯೊಳಗೆ ತೆರೆದು ತೊಳೆದರೆ ಬೆರಳು ಉಳಿಯುವ ಸಂಭವ ಹೆಚ್ಚು, ತಡವಾದಷ್ಟೂ ಕತ್ತರಿಸುವ ಪ್ರಸಂಗ. ಇದೇನು ಹೊಸ ಕಾಯಿಲೆಯಲ್ಲ, ಡೀಸೆಲ್ ಎಂಜಿನ್ನಿನ ಎಣ್ಣೆ ಹೀಗೆ ಮೈಗೆ ಹೊಕ್ಕಿದ್ದನ್ನು ರೀಸ್ ಅನ್ನೋ ಡಾಕ್ಟರು 1937ರಲ್ಲೇ ಅಮೆರಿಕದ ಪತ್ರಿಕೆಯಲ್ಲಿ ಬರೆದಿದ್ದಾರೆ ಅಂದರು. ನಮ್ಮ ಜಿಲ್ಲೆಯಲ್ಲಿ ಇಷ್ಟು ಟ್ರ್ಯಾಕ್ಟರು, ಇಷ್ಟು ನಾಜಲ್ ಅಂಗಡಿ. ಗೋಡೆ ತುಂಬ ದೇವರ ಪಟ, ಆಯಿಲ್ ಕಂಪನಿ ಕ್ಯಾಲೆಂಡರು. ಈ ಒಂದು ಮಾತು ಮಾತ್ರ ಎಲ್ಲೂ ನೇತುಹಾಕಿರಲಿಲ್ಲ.

ಗಾಯ ಹೊಲಿಯದೆ ತೆರೆದೇ ಬಿಟ್ಟಿದ್ದರು. ಮತ್ತೊಮ್ಮೆ ಒಳಗೆ ತೊಳೆದರು. ದಿನಾ ಡ್ರೆಸ್ಸಿಂಗ್, ಬಟ್ಟೆ ಬಿಚ್ಚುವಾಗ ಹಲ್ಲು ಕಚ್ಚಿ ಚಾವಣಿ ನೋಡೋದು. ಆ ಹೊತ್ತಲ್ಲಿ ನೋಡೋಕೆ ಬಂದವನು ಅಕ್ಕನ ಮಗ. ಬೆಂಗಳೂರಿನಲ್ಲಿ ರೇಸಿನ ಕಾರುಗಳನ್ನು ಸಿದ್ಧ ಮಾಡುವ ಗ್ಯಾರೇಜಿನಲ್ಲಿ ಕೆಲಸ. "ಮಾವ, ನಿಮ್ಗೆ ನೋವು ಮರೆಸೋಕೆ ನೈಟ್ರಸ್ ಕೊಟ್ಟಿದ್ರಾ? ಅದೇ ಗ್ಯಾಸ್ ನಾವು ಎಂಜಿನ್ನಿಗೂ ಬುಡ್ತೀವಿ" ಅಂದ. ನನಗೆ ಕೊಟ್ಟಿರಲಿಲ್ಲ. ಆದರೂ ಮಲಗಿದ್ದವನಿಗೆ ಕೇಳೋಕೆ ಹಿತವಾಗಿತ್ತು.

ಅವನು ಹೇಳಿದ್ದು ಇಷ್ಟು. ಗಾಳಿಯ ತೂಕದಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 23 ಪಾಲು, ನೈಟ್ರಸ್‌ನಲ್ಲಿ 36 ಪಾಲು. ಎಂಜಿನ್ ಕಾವಿಗೆ ಅದು ಒಡೆದು ಆಮ್ಲಜನಕ ಬಿಡುತ್ತೆ. ಅದಕ್ಕೆ ತಕ್ಕ ಪೆಟ್ರೋಲ್ ಅದೇ ಗಳಿಗೆಗೆ ತಲುಪದಿದ್ದರೆ ಪಿಸ್ಟನ್ ತಲೆ ಕರಗುತ್ತೆ. ಆದ್ದರಿಂದ ಅವರು ಗ್ಯಾಸಿನ ಬಾಟಲಿ ಮುಟ್ಟುವ ಮೊದಲು ಪೆಟ್ರೋಲಿನ ಲೆಕ್ಕ ಹಾಕುತ್ತಾರೆ. ಎಷ್ಟು ಎಚ್‌ಪಿ ಬೇಕು, ಅದನ್ನು ಎಷ್ಟು ಇಂಜೆಕ್ಟರಿಗೆ ಹಂಚಬೇಕು, ಒಂದೊಂದೂ ನಿಮಿಷಕ್ಕೆ ಎಷ್ಟು ಸಿಸಿ ಬಿಡಬೇಕು. ಇಂಜೆಕ್ಟರು ನೂರಕ್ಕೆ 80 ಪಾಲು ಹೊತ್ತಿಗಿಂತ ಹೆಚ್ಚು ತೆರೆದಿರುವ ಹಾಗೆ ಓಡಿಸಲ್ಲ, ಉಳಿದದ್ದು ಆಪತ್ತಿಗೆ ಮೀಸಲು. ಪಂಪಿನ ಡಬ್ಬದ ಮೇಲಿನ ಅಂಕಿ ನಂಬಲ್ಲ, ಒತ್ತಡ ಏರಿದಂತೆ ಪಂಪು ಕೊಡೋದು ಇಳಿಯುತ್ತೆ ಅಂತ ಆ ಒತ್ತಡದಲ್ಲೇ ಅಳೆದು ನೋಡುತ್ತಾರೆ. ಬಾಟಲಿಯ ಬಿಸಿ ಕೂಡ ಲೆಕ್ಕಕ್ಕೆ ಬರುತ್ತೆ: 20 ಡಿಗ್ರಿಯಲ್ಲಿ 50 ಬಾರ್ ಆಸುಪಾಸು ಇರೋದು 36 ಡಿಗ್ರಿಗೆ 70 ದಾಟುತ್ತೆ. ಒತ್ತಡ ಏರಿದರೆ ಗ್ಯಾಸ್ ಹೆಚ್ಚು ನುಗ್ಗುತ್ತೆ, ಪೆಟ್ರೋಲ್ ಇದ್ದಷ್ಟೇ ಇರುತ್ತೆ. ಬೆಂಗಳೂರಿನ ಡಿಸೆಂಬರಿನಲ್ಲಿ ಹೊಂದಿಸಿದ ಕಾರು ಮಂಡ್ಯದ ಏಪ್ರಿಲ್ ಬಿಸಿಲಿಗೆ ಎಂಜಿನ್ ಸುಟ್ಟುಕೊಳ್ಳಬಹುದು.

ಅವರದು ಗಾಳಿ ಹೆಚ್ಚಾಗಿ ಎಣ್ಣೆ ಸಾಲದ ಕಷ್ಟ, ನಮ್ಮದು ತಿರುಗಾಮುರುಗಾ. ಆದರೆ ನನ್ನನ್ನು ಕೊರೆದದ್ದು ಬೇರೆ. ಮೋಜಿನ ಕಾರಿಗೆ ಅಷ್ಟು ಅಳತೆ, ಹೊಟ್ಟೆ ಹೊರೆಯುವ ಟ್ರ್ಯಾಕ್ಟರಿಗೆ "ಏರಿಸ್ಬುಡು" ಒಂದೇ.

"ಮಾವ, ನಾಜಲ್ ನಂಬರ್ ನೋಡಿದ್ರಾ?" ಅಂತ ಅವನೇ ಕೇಳಿದ. ಊರಿಗೆ ಹೋಗಿ ಮೂರನ್ನೂ ಒರೆಸಿ ಫೋಟೊ ತೆಗೆದು ಕಳಿಸಿದ. ನಾಜಲ್ ಮೈಮೇಲೆ ಸಣ್ಣ ಅಕ್ಷರದಲ್ಲಿ ಡಿಎಲ್‌ಎಲ್‌ಎ 150 ಅನ್ನೋ ಥರ ಕೆತ್ತಿರುತ್ತಾರೆ. ಆ 150 ಸ್ಪ್ರೇ ಹರಡುವ ಕೋನ. ನನ್ನ ಎರಡು ನಾಜಲ್ಲಿನಲ್ಲಿ ಒಂದು ನಂಬರು, ಮೂರನೆಯದರಲ್ಲಿ ಬೇರೆ. ಹಿಂದಿನ ವರ್ಷ ಅಂಗಡಿಯವನು "ಎಲ್ಲ ಒಂದೇ ಕಣಣ್ಣ" ಅಂತ ಕೊಟ್ಟ ಪೀಸು ಅದು. ನೋಡೋಕೆ ಅಣ್ಣತಮ್ಮಂದಿರ ಹಾಗಿದ್ದರೂ ಒಂದು ಸಿಲಿಂಡರಿನ ಡೀಸೆಲ್ ಪಿಸ್ಟನ್ ಗುಂಡಿಗೆ ಬೀಳುವ ಬದಲು ಅಂಚಿಗೆ ಬಡಿದು ಅರೆಬೆಂದು ಹೊಗೆಯಾಗುತ್ತಿತ್ತು. ಮೂರೂ ಒಂದೇ ನಂಬರಿನವು ಹಾಕಿಸಿ, ಟೆಸ್ಟರಿನಲ್ಲಿ ಒಂದೇ ಒತ್ತಡಕ್ಕೆ ತೆರೆಯುವಂತೆ ಶಿಮ್ ಬಿಲ್ಲೆ ಕೂಡಿಸಿ, ಪೈಪು, ಕ್ಲ್ಯಾಂಪು ಹೊಸದು ಹಾಕಿಸಿದೆವು. ಪಂಪಿನ ಸೀಲು ಮುಟ್ಟಲೇ ಇಲ್ಲ. ಹೊಗೆ ಹೋಯಿತು. ಮೂರನೇ ಗೇರಿನಲ್ಲೇ ಏರು ಹತ್ತಿಸಿಬಿಟ್ಟೆ ಅಂತ ನನ್ನ ತಮ್ಮ ಫೋನಿನಲ್ಲಿ ಕೂಗಿದ. ನಾನಾಗ ವಾರ್ಡಿನಲ್ಲಿ ರಬ್ಬರ್ ಚೆಂಡು ಅದುಮುತ್ತಿದ್ದೆ.

ಬೆರಳು ಉಳಿಯಿತು, ಉಗುರು ಉಳಿಯಲಿಲ್ಲ. ಮೇಲಿನ ಗಿಣ್ಣು ಮಡಚಲ್ಲ, ಚಳಿಗೆ ತುದಿ ಸತ್ತುಹೋಗುತ್ತೆ. ಸ್ಟೇರಿಂಗು ಹಿಡಿಯಬಲ್ಲೆ, ಕಬ್ಬಿನ ಲೋಡಿಗೆ ಹಗ್ಗ ಬಿಗಿಯೋಕೆ ಆಗಲ್ಲ. ಅದಕ್ಕೆ ಈಗ ಆಳು ಇಟ್ಟಿದ್ದೇನೆ, ಕೂಲಿ ಕೊಟ್ಟು ಸಾಕಾಗಿದೆ. 2023ರ ಮೇ 10ರಂದು ವಿಧಾನಸಭೆ ಓಟು ಹಾಕೋಕೆ ಹೋದಾಗ ಶಾಯಿ ಹಾಕುವ ಮೇಡಂ ಎಡಗೈ ತೋರುಬೆರಳು ಹಿಡಿದು ಉಗುರು ಹುಡುಕಿದರು. "ಇಲ್ಲ ಮೇಡಂ, ಪಕ್ಕದ್ದಕ್ಕೆ ಹಾಕಿ" ಅಂದೆ. ಸಾಲಿನವರೆಲ್ಲ ಏನಾಯ್ತು ಏನಾಯ್ತು ಅಂದರು. ಅಲ್ಲೇ ನಿಂತು ಅವರಿಗೂ ಹೇಳಿದೆ. ನಂಬಿದವರು ಕಮ್ಮಿ. ಡೀಸೆಲ್ ಬೆರಳೊಳಕ್ಕೆ ಹೋಗೋದಂದ್ರೇನು, ಕುಡೀದಿದ್ರೆ ಸಾಕು ಅಂದರು ಒಬ್ಬ ದೊಡ್ಡವರು.

ಮದ್ದೂರಿನ ಆ ಗ್ಯಾರೇಜಿನಲ್ಲಿ ಟೆಸ್ಟರ್ ರಿಪೇರಿ ಆಗಿ ಬಂದಿದೆ. ನಾಜಲ್ ಸಿಕ್ಕಿಸುವ ಕಡೆ ಹುಡುಗ ಪ್ಲಾಸ್ಟಿಕ್ ಮರೆ ಹಾಕಿಸಿದ್ದಾನೆ. ಗೋಡೆ ಮೇಲೆ ಪೇಂಟಿನಲ್ಲಿ ನಾನೇ ಬರೆಸಿದ್ದೇನೆ: ಡೀಸೆಲ್ ಚರ್ಮಕ್ಕೆ ಹೊಡೆದರೆ ತೂತು ಎಷ್ಟೇ ಸಣ್ಣದಿರಲಿ, ನೋವು ಇಲ್ಲದಿದ್ದರೂ, ಕೂಡಲೇ ಕೈ ಆಪರೇಷನ್ ಮಾಡುವ ಆಸ್ಪತ್ರೆಗೆ ಹೋಗಿ, ಒತ್ತಡದಲ್ಲಿ ಒಳಗೆ ಹೋಗಿದೆ ಅಂತ ಹೇಳಿ, ಹೊಡೆದ ಗಂಟೆ ಹೇಳಿ. ಗಿರಾಕಿಗಳು ಓದಿ ಹೆದರ್ಕತಾರೆ ಕಣಣ್ಣ ಅಂತ ಹುಡುಗನ ತಕರಾರು. ಆದರೂ ಅಳಿಸಿಲ್ಲ.