ಒಲೆಗೆ ಹೋಗದ ಲಕೋಟೆಗಳು

ಕಳೆದ ವರ್ಷ ತಂಗಿಯ ಬಾಣಂತನಕ್ಕೆಂದು ಮೂರು ತಿಂಗಳು ಅಮೆರಿಕದ ಡೆನ್ವರಿನಲ್ಲಿದ್ದೆ. ಅಮ್ಮ ಇದ್ದಿದ್ದರೆ ಅಮ್ಮನೇ ಹೋಗುತ್ತಿದ್ದಳು. ಅವಳಿಲ್ಲದ್ದರಿಂದ ಮೆಂತ್ಯದ ಹಿಟ್ಟು, ಬಾಣಂತಿ ಲೇಹ್ಯ ಎಲ್ಲ ಕಟ್ಟಿಕೊಂಡು ಅಕ್ಕನಾದ ನಾನು ಮೈಸೂರಿನಿಂದ ಹೊರಟೆ. ಅಲ್ಲಿನ ಬೆಟ್ಟ, ಹಿಮ, ದೊಡ್ಡ ದೊಡ್ಡ ಅಂಗಡಿಗಳ ಬಗ್ಗೆ ನಿಮಗೆ ಬರೆಯಬೇಕೆಂದೇ ಕೂತೆ. ಆದರೆ ಪೆನ್ನು ಹಿಡಿದರೆ ಕಣ್ಮುಂದೆ ಬರುವುದು ಪಕ್ಕದ ಮನೆಯ ಅಜ್ಜಿಯ ಹಳೇ ಲಕೋಟೆಗಳೇ!

ಆ ಅಜ್ಜಿ ನಿವೃತ್ತ ಶಿಕ್ಷಕಿ. ಮಗು ನೋಡಲು ಬಂದವರು ನಮ್ಮನ್ನು ಚಹಾಕ್ಕೆ ಕರೆದರು. ನನ್ನದು ಹೈಸ್ಕೂಲ್ ಇಂಗ್ಲಿಷ್, ತಂಗಿಯೇ ದುಭಾಷಿ. ಚಹಾ ಆದ ಮೇಲೆ ಬೀರುವಿನಿಂದ ಒಂದು ದಪ್ಪ ಆಲ್ಬಂ ತೆಗೆದರು. ಸ್ಟಾಂಪುಗಳಿರಬೇಕು ಅಂದುಕೊಂಡೆ. ನೋಡಿದರೆ ಬರೀ ಲಕೋಟೆಗಳು, ನೂರೈವತ್ತು ವರ್ಷದ ಹಿಂದೆ ಅಂಚೆಯಲ್ಲಿ ಹೋಗಿ ಮುಟ್ಟಿದವು. "ಚಿಕ್ಕಂದಿನಲ್ಲಿ ನಮ್ಮಣ್ಣ ಸ್ಟಾಂಪನ್ನ ಬಟ್ಟಲು ನೀರಿಗೆ ಹಾಕಿ ಬಿಡಿಸಿ ನೋಟ್‌ಬುಕ್ಕಿಗೆ ಅಂಟಿಸ್ತಿದ್ದ" ಅಂದೆ. ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡರು. ಸ್ಟಾಂಪು ಬಿಡಿಸಿದರೆ ಎಲ್ಲಿಂದ ಹೊರಟಿತು, ಯಾರಿಗೆ ಹೋಯಿತು ಎಂಬುದೆಲ್ಲ ಅಳಿಸಿಹೋಗುತ್ತದಂತೆ. ಅದಕ್ಕೇ ಇಡೀ ಲಕೋಟೆಯನ್ನೇ ಕೂಡಿಡುವುದು.

ಅವರು ಕೂಡಿಡುವುದು 'ಟೆರಿಟರಿ' ಕಾಲದ ಲಕೋಟೆಗಳನ್ನು ಮಾತ್ರ. ಟೆರಿಟರಿ ಅಂದರೆ ಇನ್ನೂ ರಾಜ್ಯ ಅನ್ನಿಸಿಕೊಳ್ಳದ, ಕೇಂದ್ರ ಸರ್ಕಾರದ ಕೈಕೆಳಗಿನ ಗಡಿನಾಡು. 1858ರಲ್ಲಿ ಡೆನ್ವರ್ ಹುಟ್ಟಿದಾಗ ಅದು ಕ್ಯಾನ್ಸಸ್ ಟೆರಿಟರಿಗೆ ಸೇರಿತ್ತು. ಹಾಗಾಗಿ ಮೊದಲಿನ ಮುದ್ರೆಗಳಲ್ಲಿ 'ಡೆನ್ವರ್ ಸಿಟಿ, ಕೆ.ಟಿ.' ಎಂದಿದೆ. 1861ರ ಫೆಬ್ರವರಿಯಲ್ಲಿ ಕೊಲೊರಾಡೊ ಟೆರಿಟರಿಯಾಯಿತು. 1876ರ ಆಗಸ್ಟ್ 1ರಂದು ಕೊಲೊರಾಡೊ ರಾಜ್ಯವಾಯಿತು. ಊರು ಇದ್ದಲ್ಲೇ ಇತ್ತು, ವಿಳಾಸ ಮಾತ್ರ ಎರಡು ಸಲ ಬದಲಾಯಿತು!

ನಗಬೇಡಿ, ನಮ್ಮಲ್ಲೂ ಹಾಗೇ ಆಗಿದೆ. 1973ರ ನವೆಂಬರ್ 1ಕ್ಕೆ ಮೊದಲು ನಮ್ಮ ಅಜ್ಜಿಗೆ ಬರುತ್ತಿದ್ದ ಕಾಗದಗಳ ಮೇಲೆ 'ಮೈಸೂರು ರಾಜ್ಯ' ಎಂದಿರುತ್ತಿತ್ತು, ಆಮೇಲೆ ಕರ್ನಾಟಕ. ಅಂಥ ಕಾಗದ ನಿಮ್ಮ ಅಟ್ಟದ ಮೇಲೂ ಇದ್ದೀತು.

ಆ ಕಾಲದ ಎಷ್ಟೋ ಮುದ್ರೆಗಳಲ್ಲಿ ತಿಂಗಳು, ತಾರೀಖು ಇರುತ್ತದೆ, ಇಸವಿಯೇ ಇರುವುದಿಲ್ಲ. ಮತ್ತೆ ಇಸವಿ ಹೇಗೆ ಗೊತ್ತಾಗುತ್ತೆ ಅಂತೀರಾ? ಸ್ಟಾಂಪು ನೋಡಬೇಕು. ವಾಷಿಂಗ್ಟನ್ನರ ಮುಖವಿರುವ ಮೂರು ಸೆಂಟಿನ ಗುಲಾಬಿ ಸ್ಟಾಂಪು 1861ರಲ್ಲಿ ಬಂತು, ಹಸಿರಿನದು 1870ರಲ್ಲಿ. ಒಮ್ಮೊಮ್ಮೆ ಕಾಗದ ಪಡೆದವರೇ ಅಂಚಿನಲ್ಲಿ 'ಇಂಥ ದಿನ ಬಂತು' ಎಂದು ಬರೆದಿರುತ್ತಾರೆ. ಸಣ್ಣ ಊರುಗಳ ಪೋಸ್ಟ್‌ಮಾಸ್ಟರರ ಬಳಿ ಮುದ್ರೆಯೇ ಇರುತ್ತಿರಲಿಲ್ಲ, ಊರ ಹೆಸರನ್ನು ಪೆನ್ನಿನಲ್ಲಿ ಬರೆದುಬಿಡುತ್ತಿದ್ದರು. ಒಂದು ಕಾಗದಕ್ಕೆ ಸಾಮಾನ್ಯವಾಗಿ ಮೂರು ಸೆಂಟು ಸಾಕು. ಆದರೆ 1860ರಲ್ಲಿ ಕುದುರೆ ಸವಾರರು ಹತ್ತು ದಿನದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮುಟ್ಟಿಸುತ್ತಿದ್ದ 'ಪೋನಿ ಎಕ್ಸ್‌ಪ್ರೆಸ್'ನಲ್ಲಿ ಮೊದಲಿಗೆ ಅರ್ಧ ಔನ್ಸಿಗೆ ಐದು ಡಾಲರ್! ತಂತಿ ಸಂಪರ್ಕ ಬಂದದ್ದೇ, 1861ರ ಅಕ್ಟೋಬರಿನಲ್ಲಿ ಅದು ನಿಂತೇಹೋಯಿತು.

ಮಗುವಿಗೆ ಎರಡು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಅಜ್ಜಿ ನನ್ನನ್ನೂ ತಂಗಿಯನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋದರು. ಮಗು ಅಪ್ಪನ ಬಳಿ ಉಳಿಯಿತು. ಡೆನ್ವರಿನಿಂದ ಪಶ್ಚಿಮಕ್ಕೆ ಸುಮಾರು ಒಂದು ಗಂಟೆಯ ದಾರಿ, ಹೊಳೆಯ ಪಕ್ಕದಲ್ಲೇ ಸುತ್ತಿ ಸುತ್ತಿ ಹತ್ತಬೇಕು. ಎಂಟೂವರೆ ಸಾವಿರ ಅಡಿ ಎತ್ತರದಲ್ಲಿ ಸೆಂಟ್ರಲ್ ಸಿಟಿ ಸಿಗುತ್ತದೆ. 1859ರಲ್ಲಿ ಚಿನ್ನ ಸಿಕ್ಕಿದ ಜಾಗ. ಇಟ್ಟಿಗೆ–ಕಲ್ಲಿನ ಹಳೇ ಕಟ್ಟಡಗಳಲ್ಲಿ ಈಗ ಜೂಜಿನ ಮನೆಗಳಿವೆ. ಇನ್ನೊಂದಿಷ್ಟು ಮೇಲೆ ಹತ್ತಿದರೆ ನೆವಾಡವಿಲ್. ಒಂದು ಕಾಲಕ್ಕೆ ಸಾವಿರಾರು ಜನರಿದ್ದ ಊರಂತೆ. ಈಗ ಉಳಿದಿರುವುದು ಕೆಲವೇ ಕಟ್ಟಡ, ಗಣಿಯ ಮಣ್ಣಗುಡ್ಡೆ, ಗಾಳಿ. ಅಂಚೆ ಇಲಾಖೆಯ ಲೆಕ್ಕದಲ್ಲಿ ಮಾತ್ರ ಈ ಊರಿನ ಹೆಸರು 'ಬಾಲ್ಡ್ ಮೌಂಟನ್', ಅಂದರೆ ಬೋಳುಗುಡ್ಡ. ನೆವಾಡ ಅನ್ನುವ ಊರು ಬೇರೆ ಕಡೆಯೂ ಇದ್ದು ಕಾಗದ ತಪ್ಪಿಹೋಗಬಾರದೆಂದು ಹಾಗೆ ಮಾಡಿದ್ದು.

ಅಲ್ಲಿ ಕಾರಿನಲ್ಲಿ ಕೂತೇ ಅಜ್ಜಿ ಚೀಲದಿಂದ ಒಂದು ಲಕೋಟೆ ತೆಗೆದು ತೋರಿಸಿದರು. ಹಸಿರು ಸ್ಟಾಂಪು, ಬಾಲ್ಡ್ ಮೌಂಟನ್ ಎಂಬ ಹೆಸರು, ಪೂರ್ವದ ಪೆನ್ಸಿಲ್ವೇನಿಯಾದ ಒಬ್ಬ ಹೆಂಗಸಿನ ವಿಳಾಸ. ಅಂಚಿನಲ್ಲಿ ಪೆನ್ಸಿಲಿನಿಂದ '1872'. ಸುತ್ತಲೂ ಕಪ್ಪು ಪಟ್ಟಿ. ಮನೆಯಲ್ಲಿ ಸಾವಾದವರು ಆ ಕಾಲದಲ್ಲಿ ಕಪ್ಪು ಅಂಚಿನ ಕಾಗದದಲ್ಲೇ ಬರೆಯುತ್ತಿದ್ದರಂತೆ. ಒಳಗಿನ ಕಾಗದ ಇಲ್ಲ. ಗಂಡನೋ, ಮಗನೋ, ಸೊಸೆಯೋ, ಯಾರು ಹೋದರೋ! ಒಡೆಯುವ ಮೊದಲೇ ಆ ತಾಯಿಗೆ ವಿಷಯ ತಿಳಿದುಹೋಗಿರಬೇಕು.

ನನಗೆ ಮೈ ಜುಮ್ಮೆಂದಿತು. ನಮ್ಮಲ್ಲಿ ಶುಭ ಸಮಾಚಾರದ ಕಾಗದಕ್ಕೆ ಮೂಲೆಗೆ ಅರಿಶಿನ ಹಚ್ಚುತ್ತೇವೆ. ಸಾವಿನ ಕಾಗದ ಓದಿದ ತಕ್ಷಣ ಹರಿದುಹಾಕುತ್ತೇವೆ, ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಆ ತಾಯಿ ಮಾತ್ರ ಇಟ್ಟುಕೊಂಡಳು. ಅವಳು ತಿರುಗಿ ಬರೆದದ್ದೆಲ್ಲಿ ಎಂದು ಕೇಳಿದೆ. "ಪಶ್ಚಿಮಕ್ಕೆ ಹೋದವರು ಬರೆದ ಕಾಗದ ಊರಿನ ಅಟ್ಟದಲ್ಲಿ ಉಳೀತು. ಊರಿನವರು ಬರೆದದ್ದು ಹೆಚ್ಚಾಗಿ ಉಳೀಲಿಲ್ಲ. ಇಲ್ಲಿ ಇವತ್ತೊಂದು ಗುಡಾರ, ನಾಳೆ ಇನ್ನೊಂದು" ಎಂದರು. 1874ರಲ್ಲಿ ಸೆಂಟ್ರಲ್ ಸಿಟಿಯ ಬಹುಭಾಗ ಬೆಂಕಿಗೆ ಆಹುತಿಯಾಗಿತ್ತು ಕೂಡ.

ಇಳಿಯುವಾಗ ಇನ್ನೊಂದು ಸಂಗತಿ ಹೇಳಿದರು. ಚಿನ್ನಕ್ಕಾಗಿ ಬಂದವರು ತುಂಬಿಕೊಂಡ ಈ ನೆಲ ಶಯೆನ್, ಅರಾಪಹೊ, ಯೂಟ್ ಜನರದ್ದು. 1864ರ ನವೆಂಬರ್ 29ರಂದು ಸ್ಯಾಂಡ್ ಕ್ರೀಕ್ ಎಂಬಲ್ಲಿ ಬೀಡುಬಿಟ್ಟಿದ್ದ ಶಯೆನ್, ಅರಾಪಹೊ ಜನರ ಮೇಲೆ ಸೈನಿಕರು ಬಿದ್ದು ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅಲ್ಲೇ ಇದ್ದ ಸೈಲಸ್ ಸೋಲ್ ಎಂಬ ಅಧಿಕಾರಿ ತನ್ನವರಿಗೆ ಗುಂಡು ಹಾರಿಸಲು ಆಜ್ಞೆ ಕೊಡಲಿಲ್ಲ. ಕಣ್ಣಾರೆ ಕಂಡದ್ದನ್ನು ಕಾಗದದಲ್ಲಿ ಬರೆದ. ಮರುವರ್ಷ ಅವನನ್ನೂ ಡೆನ್ವರಿನಲ್ಲಿ ಗುಂಡಿಕ್ಕಿ ಕೊಂದರು. ಅವನ ಕಾಗದದ ಪ್ರತಿ ಬೆಳಕಿಗೆ ಬಂದದ್ದು 2000ದಲ್ಲಿ. ಆ ಜಾಗವನ್ನು ರಾಷ್ಟ್ರೀಯ ಸ್ಮಾರಕ ಮಾಡಲು ಅದೂ ನೆರವಾಯಿತು. ಯಾರೋ ಒಬ್ಬರು ಕಸವೆಂದು ಎಸೆದಿದ್ದರೆ?

ಆ ಮಾತು ನನ್ನ ಎದೆಗೆ ನಾಟಿತು. ಯಾಕೆಂದು ಹೇಳಿಬಿಡುತ್ತೇನೆ. ಮದುವೆಯಾದ ಹೊಸದರಲ್ಲಿ ನಾನು ಬರೆದ ಇನ್‌ಲ್ಯಾಂಡುಗಳನ್ನೆಲ್ಲ ಅಮ್ಮ ತಂತಿಗೆ ಸಿಕ್ಕಿಸಿಟ್ಟಿದ್ದಳು. ಅವಳು ಹೋದ ಮೇಲೆ ಮನೆಗೆ ಸುಣ್ಣ ಹೊಡೆಸುವಾಗ ಆ ತಂತಿಯನ್ನು, ಜೊತೆಗೆ ಅವಳು ನನಗೆ ಬರೆದಿದ್ದ ಕಟ್ಟನ್ನೂ ಹಂಡೆ ಒಲೆಗೆ ಹಾಕಿದವಳು ನಾನೇ. ಜಿರಳೆ ಸೇರುತ್ತೆ ಅಂತ! ಅಂದು ನೀರು ಚೆನ್ನಾಗಿ ಕಾದಿತ್ತು.

ಆ ರಾತ್ರಿ ತಂಗಿಯೊಡನೆ ಇದನ್ನು ಮೊದಲ ಸಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಮಾತಾಡದೆ ಎದ್ದುಹೋಗಿ, ಪಾಸ್‌ಪೋರ್ಟ್ ಇಡುವ ಡಬ್ಬಿಯಿಂದ ಒಂದು ಕಾಗದ ತಂದಳು. ಅವಳು ಅಮೆರಿಕಕ್ಕೆ ಹೋದ ಹೊಸದರಲ್ಲಿ ಅಮ್ಮ ಬರೆದದ್ದು. ಮೂಲೆಯ ಅರಿಶಿನ ಮಾಸಿ ಕಂದಾಗಿತ್ತು. ಒಳಗೆ ವಿಶೇಷವೇನೂ ಇಲ್ಲ. ಸಾರಿನ ಪುಡಿಗೆ ಮೆಣಸಿನಕಾಯಿ ಎಷ್ಟು, ಚಳಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೋ, ಅಕ್ಕನಿಗೆ ಕಾಗದ ಬರಿ. "ನಿನಗೂ ಇದೇ ಇರ್ಲಿ ಅಕ್ಕ, ಇಬ್ಬರದೂ" ಅಂದಳು. ಬೇಡ ಅಂದೆ. ದೂರ ಬಂದವಳ ಹತ್ತಿರವೇ ಇರಲಿ.

ಹೊರಡುವ ಮುಂಚೆ ಮೈಸೂರಿನ ನಮ್ಮ ಮನೆ ವಿಳಾಸಕ್ಕೆ ನಾನೇ ಒಂದು ಕಾಗದ ಬರೆದು, ಮಗುವಿನ ಹೆಸರು, ಹುಟ್ಟಿದ ದಿನ ಎಲ್ಲ ನಮೂದಿಸಿ, ಮೂಲೆಗೆ ಅರಿಶಿನ ಹಚ್ಚಿ ಡೆನ್ವರಿನ ಅಂಚೆಗೆ ಹಾಕಿದೆ. ಅದು ನನಗಿಂತ ಹಿಂದೆ ಬಂದು ಸೇರಿತು. ಸ್ಟಾಂಪು ಬಿಡಿಸಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಕಾಗದಗಳಿದ್ದರೆ ಅಜ್ಜಿ ಹೇಳಿಕೊಟ್ಟದ್ದನ್ನು ನೆನಪಿಡಿ. ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಲು, ತೇವ ತಾಗಿಸಬೇಡಿ. ಏನಾದರೂ ಗುರುತು ಹಾಕಬೇಕಿದ್ದರೆ ಪಕ್ಕದಲ್ಲಿ ಬೇರೆ ಚೀಟಿ ಇಡಿ. ಈ ಸಲ ಸುಣ್ಣ ಹೊಡೆಸುವ ಮೊದಲು ತಂತಿಯಲ್ಲಿ ಏನಿದೆ ಎಂದು ಒಮ್ಮೆ ಕೂತು ಓದಿ. ಆಮೇಲೆ ಬೇಕಾದರೆ ಒಲೆ ಹಚ್ಚಿ.