ಮಾರ್ಕೋನಹಳ್ಳಿಯ ನೀರಿಗೊಂದು ಕನ್ನಡಕ

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಕುಣಿಗಲ್ ದಾಟಿ, ಯಡಿಯೂರಿನ ಬಳಿ ತಿರುಗಿದರೆ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ಸಿಗುತ್ತದೆ. ನೀರು ಮಟ್ಟ ಮೀರಿದರೆ ತಾನಾಗಿಯೇ ಹೊರಹಾಕುವ ಸೈಫನ್‌ಗಳು ಇಲ್ಲಿನ ವಿಶೇಷ. ಬಿಸಿಲೇರಿದರೆ ನೀರು ಕನ್ನಡಿಯಂತೆ ಹೊಳೆದು ಕಣ್ಣು ಕುಕ್ಕುತ್ತದೆ. ಗಾಳ ಹಾಕಿದವರಿಗೆ ಮೀನೂ ಕಾಣದು, ತಳವೂ ಕಾಣದು.

ನೀರಿಗೆ ಅಥವಾ ಡಾಂಬರು ರಸ್ತೆಗೆ ಬಡಿದು ಬರುವ ಬೆಳಕು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತದೆ. ಪೋಲರೈಸ್ಡ್ ಗಾಜು ಅದನ್ನೇ ತಡೆಯುತ್ತದೆ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ.ವಿ. ರಾಮನ್, 1921ರ ಹಡಗು ಪ್ರಯಾಣದಲ್ಲಿ ನಿಕೋಲ್ ಪಟ್ಟಕದಿಂದ ಹೀಗೆಯೇ ಹೊಳಪು ಕಳೆದು ಕಡಲಿನ ನೀಲಿಯನ್ನು ಪರೀಕ್ಷಿಸಿದ್ದರು.

ಕೊಳ್ಳುವಾಗ ಬರೀ ಕಪ್ಪು ಬಣ್ಣಕ್ಕೆ ಮರುಳಾಗಬೇಡಿ. ಅಂಗಡಿಯಲ್ಲಿ ಎರಡು ಪೋಲರೈಸ್ಡ್ ಕನ್ನಡಕಗಳನ್ನು ಒಂದರ ಹಿಂದೊಂದು ಹಿಡಿದು, ಒಂದನ್ನು ಕಾಲು ಸುತ್ತು ತಿರುಗಿಸಿ, ಕತ್ತಲಾದರೆ ಅಸಲಿ. ಪವರ್ ಇದ್ದವರು ಕಣ್ಣು ಪರೀಕ್ಷಿಸಿಕೊಂಡು ಆ ನಂಬರಿಗೇ ಮಾಡಿಸಬೇಕು. ಅತಿನೇರಳೆ ಕಿರಣ ತಡೆಯುತ್ತದೆಯೇ ಎಂದೂ ಕೇಳಿ. ವಾಹನ ಓಡಿಸುವವರಿಗೆ ಬೂದು ಬಣ್ಣ ಒಳ್ಳೆಯದು, ಸಿಗ್ನಲ್ ದೀಪದ ಬಣ್ಣ ಕೆಡದು. ಕತ್ತಲಾದ ಮೇಲೆ ತೆಗೆದಿಡಿ.

ಒಂದು ಎಚ್ಚರಿಕೆ. ಹೊಳಪು ಹೋದರೂ ವಕ್ರೀಭವನ ಹೋಗದು. ನೇರ ಮೇಲಿನಿಂದ ನೋಡಿದರೆ ನಾಲ್ಕಡಿ ಆಳ ಮೂರಡಿಯಂತೆ ಕಾಣುತ್ತದೆ; ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಶಾಲೆಯಲ್ಲಿ ಕಲಿತ ಈ ಪಾಠವನ್ನು ಮಕ್ಕಳು ಏರಿಯ ಮೇಲೆ ಮರೆಯಬಾರದು, ಹಿರಿಯರೂ ನೆನಪಿಸಬೇಕು. ತಳ ಕಂಡಿತೆಂದು ನೀರಿಗಿಳಿಯಬೇಡಿ.