ಕಂಚು, ಬೆಳ್ಳಿ, ಅಮರ ಸುಳ್ಯ

ಪದಕವನ್ನು ಕಿಟಕಿಯ ಬಳಿ ಕೂತು, ಅಂಗೈಯಲ್ಲಿ ಕೊಂಚ ವಾರೆಯಾಗಿ ಹಿಡಿದು ನೋಡಬೇಕು. ಆಗ ಮೂಗು, ಗಡ್ಡ, ಕೂದಲ ಎಳೆ ಒಂದೊಂದಾಗಿ ಎದ್ದು ಬರುತ್ತವೆ. ನಾನು ಹೀಗೆ ಹೊತ್ತು ಮರೆತು ಕೂರುವುದು 1886ರ ಲಂಡನ್ನಿನ ವಸಾಹತು ಮತ್ತು ಭಾರತೀಯ ಪ್ರದರ್ಶನದ ಕಂಚಿನ ಪದಕದ ಎದುರು. ಲಿಯೊನಾರ್ಡ್ ವೈಯನ್‌ನ ಕೆತ್ತನೆ ಅದು: ಒಂದು ಬದಿಗೆ ವೇಲ್ಸ್ ರಾಜಕುಮಾರನ ಮುಖ, ಇನ್ನೊಂದು ಬದಿಗೆ ಎಲೆಯ ಮಾಲೆಯ ನಡುವೆ ಪ್ರದರ್ಶನದ ಹೆಸರು. ಸುಮಾರು 55 ಲಕ್ಷ ಜನ ನೋಡಿದ ಆ ಪ್ರದರ್ಶನದಲ್ಲಿ ಮೈಸೂರು ಮತ್ತು ಕೊಡಗಿಗೂ ಜಾಗವಿತ್ತು.

ಇಂಥ ಪದಕಕ್ಕೆ ಉಕ್ಕಿನ ಅಚ್ಚಿನಲ್ಲಿ ಎಲ್ಲವನ್ನೂ ಎಡಬಲ ತಿರುಗಿಸಿ, ತಗ್ಗಾಗಿ ಕೊರೆಯಬೇಕು. ಉಬ್ಬು ಹೆಚ್ಚಿದ್ದರೆ ಒಂದೇ ಪೆಟ್ಟಿಗೆ ಲೋಹ ಅಚ್ಚಿನ ಮೂಲೆಗಳಿಗೆ ಇಳಿಯುವುದಿಲ್ಲ. ಬಿಲ್ಲೆಯನ್ನು ಕಾಯಿಸಿ, ಮೆದುಮಾಡಿ, ಮತ್ತೆ ಒತ್ತಬೇಕು. ನಾಣ್ಯಕ್ಕೆ ಇಷ್ಟು ಪುರುಸೊತ್ತು ಎಲ್ಲಿ! ಪುತ್ತೂರು, ಸುಳ್ಯ, ಕಡಬದ ಮಳೆಗಾಲದಲ್ಲಿ ಪದಕಗಳನ್ನು ಕಾಪಾಡುವುದೂ ಒಂದು ಕೆಲಸವೇ. ಆಟಿ ತಿಂಗಳ ತೇವಕ್ಕೆ ಕಂಚು ಕಿಲುಬು ಹಿಡಿಯುತ್ತದೆ. ಹಾಗೆಂದು ದೇವರ ದೀಪವನ್ನು ಬೆಳಗಿದಂತೆ ಹುಣಸೆಹುಳಿ ಹಾಕಿ ತಿಕ್ಕಿದರೆ ನೂರು ವರ್ಷದ ಕಂದು ಬಣ್ಣ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ.

ಆದರೆ ನನ್ನ ಮನಸ್ಸು ನಿಂತಿರುವುದು ನನ್ನ ಬಳಿ ಇಲ್ಲದ, ಚಿತ್ರದಲ್ಲಷ್ಟೇ ನೋಡಿದ ಒಂದು ಪದಕದ ಮೇಲೆ. 1837ರ ಕೊಡಗು ಪದಕ. ಅದರಲ್ಲಿ ಕೊಡವ ಯೋಧನೊಬ್ಬ ಕತ್ತಿ ಎತ್ತಿ ನಿಂತಿದ್ದಾನೆ, ಎಡಗೈಯಲ್ಲಿ ಕೋವಿ. ಸುತ್ತಲೂ ಕನ್ನಡ ಅಕ್ಷರ! ಲಂಡನ್ನಿನ ಪದಕದಲ್ಲಿ ಇಲ್ಲದ ನಮ್ಮ ಲಿಪಿ ಇಲ್ಲಿದೆ. ಏಪ್ರಿಲ್, ಮೇ ತಿಂಗಳ ದಂಗೆಯನ್ನು ಅಡಗಿಸುವಲ್ಲಿ ಕಂಪನಿ ಸರಕಾರಕ್ಕೆ ನಿಷ್ಠೆ ತೋರಿದ್ದಕ್ಕೆ ಕೊಟ್ಟ ಮೆಚ್ಚುಗೆ ಎಂಬುದು ಬರಹದ ಸಾರ. ಚಿನ್ನದಲ್ಲಿ 44, ಬೆಳ್ಳಿಯಲ್ಲಿ 300.

ಆ ದಂಗೆ ನಮ್ಮದೇ. 1834ರಲ್ಲಿ ಕೊಡಗು ಕಂಪನಿಯ ಕೈಸೇರಿದ ಮೇಲೆ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ಬೆಳೆಯಲ್ಲಿ ತೆರುತ್ತಿದ್ದ ಕಂದಾಯವನ್ನು ಹಣದಲ್ಲೇ ತೆರಬೇಕಾಯಿತು. ಪೂಮಲೆಯಲ್ಲಿ ಕೂಡಿದ ರೈತರು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಪುತ್ತೂರು ದಾಟಿ ಮಂಗಳೂರಿಗೆ ನಡೆದು, ಬಾವುಟಗುಡ್ಡದಲ್ಲಿ ತಮ್ಮ ಧ್ವಜ ಏರಿಸಿದರು. ಹದಿಮೂರು ದಿನ ಮಂಗಳೂರು ಅವರದಾಗಿತ್ತು. ಮುಂದೆ ಸೆರೆ ಸಿಕ್ಕ ನಾಯಕರನ್ನು ಗಲ್ಲಿಗೇರಿಸಿದರು.

ಕೆತ್ತನೆಯಾಗಿ ಆ ಪದಕ ಸೊಗಸಾದುದು. ಯೋಧನ ನಿಲುವಿನ ಬಿರುಸನ್ನು ವೈಯನ್‌ನ ರಾಜಕುಮಾರನ ಮುಖಕ್ಕಿಂತ ಮೇಲೆಂದೇ ಎಣಿಸುತ್ತೇನೆ. ಆದರೆ ಆ ಕತ್ತಿ ಎದ್ದಿರುವುದು ಯಾರ ಮೇಲೆ ಎಂಬುದನ್ನು ಮರೆತು ಅದನ್ನು ನೋಡಲು ನನ್ನಿಂದ ಆಗದು. ಬೆಳ್ಳಾರೆಯಲ್ಲಿ ಅದರ ಒಂದು ಬೆಳ್ಳಿಯ ಪ್ರತಿ ಇರಬೇಕೆಂದು ನನ್ನ ಆಸೆ. ಮಲಗಿಸಿ ಇಡುವುದಲ್ಲ, ಗಾಜಿನ ನಡುವೆ ನಿಲ್ಲಿಸಬೇಕು, ಜನ ಸುತ್ತು ಬಂದು ಎರಡೂ ಮುಖ ಓದಬೇಕು. ಪಕ್ಕದಲ್ಲಿ, ಅಷ್ಟೇ ದೊಡ್ಡ ಕನ್ನಡ ಅಕ್ಷರಗಳಲ್ಲಿ, ಬೆಳ್ಳಾರೆಯಿಂದ ಮಂಗಳೂರಿಗೆ ನಡೆದವರ ಹೆಸರುಗಳಿರಬೇಕು.